ಖಾಲಿ ಇದ್ದರೂ ಸಿಗದ ಜಾಗ

ಅಪ್ಪನ ಲ್ಯಾಪ್‌ಟಾಪ್‌ನಲ್ಲಿ 92 ಜಿಬಿ ಖಾಲಿ ಇತ್ತು. ವಿಂಡೋಸ್ ಜೊತೆಗೆ ಉಬುಂಟು ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕಲು ನನಗೆ ಬೇಕಿದ್ದದ್ದು 40. ಅರ್ಧ ಗಂಟೆಯ ಕೆಲಸ ಅಂದುಕೊಂಡು ಭಾನುವಾರ ತಿಂಡಿ ಮುಗಿಸಿ ಕೂತೆ. ಎದ್ದಾಗ ಸಂಜೆ ಕಾಫಿ ಹೊತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ಅಲ್ಲಿಂದ ಶುರು. ಈ ಮೆಷಿನ್ನಿನ ಪ್ರೊಸೆಸರ್ ಹಳೆಯದು, ವಿಂಡೋಸ್ 11 ಹತ್ತಿರ ಸೇರಿಸಲ್ಲ. ಬ್ಯಾಂಕು, ಇಮೇಲು ಎಲ್ಲ ಉಬುಂಟುವಿನಲ್ಲಿ ಮಾಡಿಕೊಳ್ಳಲಿ ಅಂತ ನನ್ನ ಲೆಕ್ಕ. ಆದರೆ ವಿಂಡೋಸ್ ತೆಗೆಯುವ ಹಾಗಿಲ್ಲ. ಅಪ್ಪ ಹದಿನೈದು ವರ್ಷದಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೆಲ್ಲ ಅದರಲ್ಲಿದೆ. ಯೂನಿಕೋಡ್ ಅಲ್ಲದ ಹಳೇ ಫಾಂಟು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ.

ಮೊದಲು ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿದೆ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಡ್ರೈವ್ ಕುಗ್ಗಿಸುವ ಶ್ರಿಂಕ್ ವಾಲ್ಯೂಮ್ ಒತ್ತಿದೆ. ಸಿಗುವ ಜಾಗ 3,874 ಎಂಬಿ ಅಂತು. ನಾಲ್ಕು ಜಿಬಿಯೂ ಇಲ್ಲ!

"ಖಾಲಿ ಇದೆ ಅಂತೀಯ, ಸಿಗ್ತಿಲ್ಲ ಅಂತೀಯ. ಏನೋ ಇದು, ಸೈಟ್ ವ್ಯವಹಾರದ ಹಾಗೆ?" ಅಂದರು ಅಪ್ಪ.

ವಿಂಡೋಸ್ ಡ್ರೈವನ್ನು ಕೊನೆಯಿಂದ ಮಾತ್ರ ಕತ್ತರಿಸುತ್ತದೆ. ಅಲ್ಲಿ ಜರುಗಿಸಲಾಗದ ಒಂದು ಫೈಲು ಕೂತಿದ್ದರೆ ಮುಗೀತು. ನಡುವೆ ಎಷ್ಟು ಖಾಲಿ ಇದ್ದರೂ ಲೆಕ್ಕಕ್ಕಿಲ್ಲ. ಬಸ್ಸಿನ ಹಿಂದಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದು ಹೋದ ಹಾಗೆ.

ಟವೆಲ್ ಯಾರದ್ದು ಅಂತ ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ಹೇಳುತ್ತದೆ. ಅಪ್ಲಿಕೇಶನ್ ಲಾಗ್‌ನಲ್ಲಿ 259ನೇ ನಂಬರಿನ ಈವೆಂಟ್ ಹುಡುಕಬೇಕು, ಅಡ್ಡ ಕೂತ ಕೊನೇ ಫೈಲಿನ ಹೆಸರು ಅಲ್ಲಿರುತ್ತದೆ. ನನಗೆ ಸಿಕ್ಕಿದ್ದು ಹೈಬರ್‌ಫಿಲ್, ಹೈಬರ್ನೇಷನ್‌ಗೆ, ಅಂದರೆ ತೆರೆದಿದ್ದ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಆಫ್ ಆಗುವುದಕ್ಕೆ, ಅಂತ ಇಟ್ಟುಕೊಂಡದ್ದು. 8 ಜಿಬಿ ರ‍್ಯಾಮಿಗೆ ಮೂರು ಜಿಬಿಗಿಂತ ಜಾಸ್ತಿಯೇ ಹಿಡಿದಿತ್ತು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೈಬರ್ನೇಷನ್ ಆಫ್ ಮಾಡಿದೆ. ಅದರ ಜೊತೆ, ವಿಂಡೋಸ್ ಬೇಗ ಆನ್ ಆಗಲು ಇರುವ ಫಾಸ್ಟ್ ಸ್ಟಾರ್ಟಪ್ಪೂ ಹೋಯಿತು. ಹೋಗಿದ್ದು ಒಳ್ಳೆಯದೇ. ಅದು ಇದ್ದರೆ ಉಬುಂಟು ಸಿ ಡ್ರೈವನ್ನು ಓದಲಷ್ಟೇ ತೆರೆಯುತ್ತದೆ, ಬರೆಯಲು ಬಿಡಲ್ಲ.

ಮತ್ತೆ ಶ್ರಿಂಕ್. ಈಗ 11,000 ಚಿಲ್ಲರೆ. ಮತ್ತೆ 259. ಈ ಸಲ ಪೇಜ್‌ಫೈಲ್, ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಫೈಲು. ಅದನ್ನೂ ಆಫ್ ಮಾಡಿ ರೀಸ್ಟಾರ್ಟ್. ಆಮೇಲೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರಲು ಉಳಿಸಿಟ್ಟ ಹಳೇ ರಿಸ್ಟೋರ್ ಪಾಯಿಂಟ್‌ಗಳನ್ನೂ ಅಳಿಸಿದೆ. ಪ್ರತಿ ರೀಸ್ಟಾರ್ಟಿಗೂ ಅಪ್ಪ ಬಂದು ಇಣುಕುವುದು, "ಫೈಲ್ ಎಲ್ಲ ಇದೆ ತಾನೆ?" ಅನ್ನುವುದು.

ಕೊನೆಗೆ 61,000 ದಾಟಿತು. ಆಸೆಬುರುಕತನ ಬೇಡ ಅಂತ 40960 ಅಂತಷ್ಟೇ ಹೊಡೆದೆ. ಸಿ ಡ್ರೈವಿನ ನೀಲಿ ಪಟ್ಟಿಯ ಪಕ್ಕ ಕಪ್ಪು ಪಟ್ಟಿ ಮೂಡಿತು, 40.00 ಜಿಬಿ ಅನ್‌ಅಲೊಕೇಟೆಡ್, ಅಂದರೆ ಯಾವ ಡ್ರೈವಿಗೂ ಸೇರದ ಜಾಗ. ಖಾಲಿ ಜಾಗ ನೋಡಿ ಅಷ್ಟು ಖುಷಿಪಟ್ಟದ್ದು ನೆನಪಿಲ್ಲ. ಪೇಜ್‌ಫೈಲ್ ಮತ್ತೆ ಆನ್ ಮಾಡುವುದು ಮರೆತೇ ಹೋಗುತ್ತಿತ್ತು.

ಉಬುಂಟು ಹಾಕಿದ್ದು ದೊಡ್ಡ ಕಥೆಯೇನಲ್ಲ, ಪೆನ್‌ಡ್ರೈವಿಂದ ಇಪ್ಪತ್ತು ನಿಮಿಷ.

ಈಗ ಲ್ಯಾಪ್‌ಟಾಪ್ ಆನ್ ಮಾಡಿದರೆ ಯಾವುದು ಬೇಕು ಅಂತ ಕೇಳುತ್ತದೆ. ಹತ್ತು ಸೆಕೆಂಡಲ್ಲಿ ಆರಿಸದಿದ್ದರೆ ತಾನೇ ಉಬುಂಟುವಿಗೆ ಹೋಗುತ್ತದೆ. ಮೊನ್ನೆ ಊರಿಗೆ ಹೋದಾಗ ನೋಡಿದೆ, ಟಚ್‌ಪ್ಯಾಡ್ ಪಕ್ಕ ಸೆಲ್ಲೋಟೇಪ್ ಹಾಕಿ ಒಂದು ಚೀಟಿ ಅಂಟಿಸಿದ್ದಾರೆ. ಅಪ್ಪನ ದುಂಡು ಅಕ್ಷರ: "ನುಡಿ ಬೇಕಾದರೆ ಕೆಳಗಿನ ಬಾಣ. ಬೇಗ."