ಚೀಲಕ್ಕೆ ಬೀಳುವ ಕಾಣಿಕೆ, ಅದರ ಲೆಕ್ಕ

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಇತಿಹಾಸವನ್ನು ಹೇಳುವಾಗ ಕರಾವಳಿಯ ನಾವು ಸಾಮಾನ್ಯವಾಗಿ 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಷನರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ಅವರಿಂದ ಆರಂಭಿಸಿ, ಬಲ್ಮಠದ ಮುದ್ರಣಾಲಯವನ್ನೂ ಜೆಪ್ಪುವಿನ ಹಂಚಿನ ಕಾರ್ಖಾನೆಯನ್ನೂ ನೆನೆದು, ಅಲ್ಲಿಗೆ ಮುಗಿಸಿಬಿಡುತ್ತೇವೆ. ಇದಕ್ಕೆಲ್ಲ ಹಣ ಯಾರದು ಎಂದು ಕೇಳುವವರು ವಿರಳ. ಸಿರಿವಂತ ಯುರೋಪಿನ ದೊಡ್ಡ ಕುಳಗಳು ಕೊಟ್ಟಿರಬೇಕು ಎಂಬ ಊಹೆ ನಮ್ಮ ಕ್ರೈಸ್ತ ಸಭೆಗಳಲ್ಲಿ (ಚರ್ಚುಗಳಲ್ಲಿ) ಇಂದಿಗೂ ಇದೆ. ಶ್ರೀಮಂತರು ಕೊಟ್ಟದ್ದೂ ನಿಜವೇ. ಆದರೆ 1855ರಲ್ಲಿ ಬಾಸೆಲ್‌ನ ಉದ್ಯಮಿ ಕಾರ್ಲ್ ಸರಾಸಿನ್ ಅವರ ಪ್ರೇರಣೆಯಿಂದ ಆರಂಭವಾದ, ಬಾಟ್ಸನ್ ಎಂಬ ಹಳೆಯ ಸ್ವಿಸ್ ನಾಣ್ಯದ ಹೆಸರಿನ ‘ಅರ್ಧ ಬಾಟ್ಸನ್’ ಸಂಗ್ರಹದಲ್ಲಿ ಒಬ್ಬರು ವಾರಕ್ಕೆ ಕೊಡಬೇಕಾಗಿದ್ದುದು ಐದು ರಾಪನ್, ಅಂದರೆ ಒಂದು ಫ್ರಾಂಕಿನ ಇಪ್ಪತ್ತನೆಯ ಒಂದು ಪಾಲು ಮಾತ್ರ. ಮನೆಗೆಲಸದವರಿಗೂ ಕೂಲಿಯವರಿಗೂ ಸಣ್ಣ ರೈತರಿಗೂ ಎಟಕುವಂತೆ ಆ ಮೊತ್ತವನ್ನು ನಿಗದಿಪಡಿಸಲಾಗಿತ್ತು. ಸಂಗ್ರಾಹಕರು ಮನೆಮನೆಗೆ ಹೋಗಿ ಅದನ್ನು ಪಡೆಯುತ್ತಿದ್ದರು.

ಈ ಏರ್ಪಾಟಿನಲ್ಲಿ ನನ್ನನ್ನು ಸೆಳೆಯುವುದು ಮೊತ್ತದ ಅಲ್ಪತೆಯಲ್ಲ, ಅದರ ನಿಯತತೆ. ಸಭೆಯಲ್ಲಿ ಪ್ರಸಂಗ (ಉಪದೇಶ) ಕೇಳಿ ಕಣ್ಣು ತೇವವಾದಾಗ ಕೊಡುವುದು ಸುಲಭ. ಮನಸ್ಸು ಒಣಗಿರುವ ವಾರದಲ್ಲಿಯೂ ಮೊದಲೇ ನಿಶ್ಚಯಿಸಿದಷ್ಟನ್ನು ತೆಗೆದಿಡುವುದು ಬೇರೆಯೇ ಕೆಲಸ. ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ, ಬೈಬಲಿನಲ್ಲಿರುವ ಮೊದಲನೆಯ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಹೇಳುವುದೂ ಇದನ್ನೇ: ವಾರದ ಮೊದಲನೆಯ ದಿನದಲ್ಲಿ ಪ್ರತಿಯೊಬ್ಬನೂ ತನಗೆ ಬಂದ ಸಂಪಾದನೆಗೆ ತಕ್ಕಂತೆ ತನ್ನ ಬಳಿಯಲ್ಲಿ ತೆಗೆದಿಡಬೇಕು, ಪೌಲನು ಅಲ್ಲಿಗೆ ಬಂದಾಗಲೇ ಹಣ ಕೂಡಿಸುವ ಗಡಿಬಿಡಿ ಬೇಡ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ನಡೆಸಿಕೊಂಡು ಬಂದಿರುವ ಹಿಡಿ ಅಕ್ಕಿಯ ಪದ್ಧತಿಯಲ್ಲಿಯೂ ಇದೇ ಕ್ರಮವಿದೆ. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಇಡುತ್ತಾರೆ; ಹಾಗೆ ಕೂಡಿದ್ದನ್ನು ಮಾರಿ ಬಂದ ಹಣ ಸಭೆಯ ಸೇವೆಗೆ ಹೋಗುತ್ತದೆ. ಕೈಯಲ್ಲಿ ಕಾಸಿಲ್ಲದ ಗೃಹಿಣಿಯೂ ಅಲ್ಲಿ ಸ್ವಂತ ಹಕ್ಕಿನಿಂದ ಕೊಡುವವಳಾಗುತ್ತಾಳೆ.

ನಮ್ಮಲ್ಲಿ ದಶಮಾಂಶದ, ಅಂದರೆ ಆದಾಯದ ಹತ್ತನೆಯ ಒಂದು ಪಾಲನ್ನು ದೇವರಿಗೆ ಕೊಡುವುದರ, ಪ್ರಸಂಗ ಬಂದಾಗಲೆಲ್ಲ ಬೈಬಲಿನ ಪ್ರವಾದಿ ಮಲಾಕಿಯನ ಪುಸ್ತಕದ ಮೂರನೆಯ ಅಧ್ಯಾಯದ ಹತ್ತನೆಯ ವಚನವನ್ನು, ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿರಿ ಎಂಬುದನ್ನು, ಓದಲಾಗುತ್ತದೆ. ಅದೇ ಅಧ್ಯಾಯದ ಐದನೆಯ ವಚನವನ್ನು, ಕೂಲಿಯಾಳಿನ ಕೂಲಿಯನ್ನು ಹಿಡಿದಿಟ್ಟುಕೊಂಡು ವಿಧವೆಯರನ್ನೂ ಅನಾಥರನ್ನೂ ಬಾಧಿಸುವವರ ವಿರುದ್ಧ ದೇವರು ಸಾಕ್ಷಿಯಾಗಿ ನಿಲ್ಲುವನೆಂಬ ಮಾತನ್ನು, ಜೊತೆಗೆ ಓದಿದ್ದನ್ನು ನಾನು ಕೇಳಿಲ್ಲ. ಬೈಬಲಿನ ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯದಂತೆ ಮೂರನೆಯ ವರ್ಷದ ದಶಮಾಂಶವು ದೇವರ ಸೇವೆಗೆ ನೇಮಕವಾದ ಕುಲದವರಾದ ಲೇವಿಯರಿಗೆ ಮಾತ್ರವಲ್ಲದೆ ಪರದೇಶಿಗಳಿಗೂ ಅನಾಥರಿಗೂ ವಿಧವೆಯರಿಗೂ ಸೇರಬೇಕು. ಅವರು ಊಟಮಾಡಿ ತೃಪ್ತರಾಗಬೇಕೆಂಬುದೇ ಅದರ ಗುರಿ. ಕೊಟ್ಟರೆ ದೇವರು ಹತ್ತುಪಟ್ಟು ಹಿಂದಿರುಗಿಸುತ್ತಾನೆ ಎಂದು ವೇದಿಕೆಯ ಮೇಲೆ ನಿಂತು ಭರವಸೆ ಕೊಡುವವರು ಕಾಣಿಕೆಯನ್ನು ಬಡ್ಡಿವ್ಯಾಪಾರದ ಮಟ್ಟಕ್ಕೆ ಇಳಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ. ಆದಿಸಭೆಯ ಕಾಲದ ಬೋಧನಾ ಗ್ರಂಥವಾದ ದಿದಾಖೆಯು ಈ ವಿಷಯದಲ್ಲಿ ಬಹಳ ಖಡಾಖಂಡಿತವಾಗಿದೆ: ಊರಿಗೆ ಬಂದ ಪ್ರವಾದಿ ತನಗಾಗಿ ಹಣ ಕೇಳಿದರೆ ಅವನು ಸುಳ್ಳು ಪ್ರವಾದಿ. ಈ ಅಳತೆಗೋಲನ್ನು ಹಿಡಿದರೆ ಇಂದು ಎಷ್ಟು ಸಮಾವೇಶಗಳ ಪೆಂಡಾಲು ಉಳಿದೀತೋ!

ಎರಡನೆಯ ಶತಮಾನದ ಕೊನೆಯಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಕ್ರೈಸ್ತರ ಪರವಾಗಿ ಬರೆದ ತನ್ನ ಸಮರ್ಥನಾ ಗ್ರಂಥದಲ್ಲಿ ಸಭೆಯ ಹಣದ ಪೆಟ್ಟಿಗೆಯ ಬಗ್ಗೆ ಬರೆದಿದ್ದಾನೆ. ತಿಂಗಳಿಗೊಮ್ಮೆ, ಮನಸ್ಸಿದ್ದವರು, ಶಕ್ತಿಯಿದ್ದವರು ಮಾತ್ರ ಸ್ವಲ್ಪ ಹಾಕುತ್ತಾರೆ, ಯಾರಿಗೂ ಬಲವಂತವಿಲ್ಲ. ಆ ಹಣ ಔತಣಗಳಿಗೆ ಹೋಗದೆ ಬಡವರ ಊಟಕ್ಕೂ ಶವಸಂಸ್ಕಾರಕ್ಕೂ, ತಂದೆತಾಯಿಯಿಲ್ಲದ ಮಕ್ಕಳಿಗೂ, ಕೆಲಸಕ್ಕೆ ಹೋಗಲಾರದ ಮುದುಕರಿಗೂ, ಹಡಗೊಡೆದು ನೆಲೆತಪ್ಪಿದವರಿಗೂ, ನಂಬಿಕೆಗಾಗಿ ಗಣಿಗಳಿಗೂ ಸೆರೆಮನೆಗಳಿಗೂ ತಳ್ಳಲ್ಪಟ್ಟವರಿಗೂ ವೆಚ್ಚವಾಗುತ್ತದೆ ಎಂದು ಅವನು ಹೊರಗಿನವರ ಮುಂದೆ ಪಟ್ಟಿ ಕೊಡುತ್ತಾನೆ. ನಾವು ಹೊರಗಿನವರ ಮುಂದಿರಲಿ, ಸಭೆಯ ಒಳಗಿನವರ ಮುಂದೆಯೇ ಅಂತಹ ಪಟ್ಟಿಯನ್ನು ಇಡಲು ಹಿಂಜರಿಯುತ್ತೇವೆ.

ಲೆಕ್ಕ ಕೇಳುವುದನ್ನು ಅವಿಶ್ವಾಸವೆಂದು ತಿಳಿಯುವ ಹಿರಿಯರಿದ್ದಾರೆ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯವನ್ನು ಅವರು ಕೊನೆಯವರೆಗೆ ಓದಬೇಕು. ಕಡುಬಡತನದಲ್ಲಿಯೂ ಉದಾರವಾಗಿ ಕೊಟ್ಟ ಮಕೆದೋನ್ಯದವರನ್ನು ಹೊಗಳಿ, ಹಿಂದಿನ ವರ್ಷವೇ ಮನಸ್ಸುಮಾಡಿದ ಕೊರಿಂಥದವರು ಈಗ ಅದನ್ನು ಪೂರೈಸಲಿ ಎಂದು ಎಚ್ಚರಿಸಿ, ಒಬ್ಬರಿಗೆ ಭಾರ ಮತ್ತೊಬ್ಬರಿಗೆ ಸುಖ ಎಂದಾಗದೆ ಸಮತ್ವವಿರಬೇಕು ಎಂದು ವಿವರಿಸಿದ ಮೇಲೆ ಪೌಲನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಆ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ತನ್ನ ಜೊತೆಗೆಲಸದವನಾದ ತೀತನ ಜೊತೆಗೆ ಸಭೆಗಳೇ ಆರಿಸಿದ ಸಹೋದರನನ್ನೂ ಕಳುಹಿಸುತ್ತಾನೆ. ದೇವರ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲಿಯೂ ಒಳ್ಳೆಯದಾಗಿರುವುದನ್ನು ಯೋಚಿಸುತ್ತೇವೆ ಎನ್ನುತ್ತಾನೆ. ಅಪೊಸ್ತಲನೇ ತನ್ನ ಕೈಯಲ್ಲಿರುವ ಹಣಕ್ಕೆ ಬೇರೆಯವರ ಕಣ್ಣನ್ನು ಬಯಸಿದ ಮೇಲೆ ನಮ್ಮ ಖಜಾಂಚಿಗಳಿಗೆ ಮುಜುಗರವೇಕೆ?

ವಿದೇಶಿ ದೇಣಿಗೆಯ ಕಾಯಿದೆಗೆ 2020ರಲ್ಲಿ ತಿದ್ದುಪಡಿಯಾದಂದಿನಿಂದ ಹೊರದೇಶದ ಹಣವು ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿಯ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು. ಹಾಗೆ ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಹೀಗಾಗಿ ಸಭಾಪಾಲಕರ ಸಂಬಳವಾಗಲಿ ಹಾಸ್ಟೆಲ್ ಮಕ್ಕಳ ಊಟವಾಗಲಿ ಹೆಚ್ಚುಹೆಚ್ಚಾಗಿ ಭಾನುವಾರದ ಆರಾಧನೆಯಲ್ಲಿ ಕಾಣಿಕೆ ಎತ್ತುವ ಚೀಲವನ್ನೇ ಅವಲಂಬಿಸಬೇಕಾಗಿದೆ. ಭಾರ ನಮ್ಮದಾದಷ್ಟೂ ಲೆಕ್ಕದ ಹೊಣೆಯೂ ನಮ್ಮದೇ.

ಸಭೆಯವರು ಬೆಳೆಯ ಕಾಣಿಕೆ ತಂದೊಪ್ಪಿಸುವ ಬೆಳೆ ಹಬ್ಬದ ಏಲಂ (ಹರಾಜು) ಬಗ್ಗೆಯೂ ಒಂದು ಮಾತು. ಹಲಸು, ಕುಂಬಳ, ಬಾಳೆಗೊನೆ, ನಾಟಿ ಕೋಳಿ ತಂದೊಪ್ಪಿಸಿ, ಏಲಂನಲ್ಲಿ ನಗುತ್ತಾ ಬೆಲೆ ಏರಿಸುವ ಆ ಸಡಗರ ನನಗೆ ಬಹಳ ಪ್ರಿಯ. ಒಂದು ತೆಂಗಿನಕಾಯಿ ಸಾವಿರ ರೂಪಾಯಿಗೆ ಹೋದರೆ ಹೋಗಲಿ. ಆದರೆ ಕೊಂಡವರ ಹೆಸರನ್ನು ಮೈಕಿನಲ್ಲಿ ಮತ್ತೆ ಮತ್ತೆ ಕೂಗುವಾಗ, ಕಾಯಿಯನ್ನು ತಂದೊಪ್ಪಿಸಿದ ಮುದುಕಿಯ ಹೆಸರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಹೆಸರು ಕೂಗುವುದನ್ನು ಪೂರ್ತಿಯಾಗಿ ಬಿಟ್ಟರೆ ಇಬ್ಬರಿಗೂ ನ್ಯಾಯವಾಗುತ್ತದೆ. ಅದರ ಬದಲು, ಏಲಂನಲ್ಲಿ ಬಂದ ಒಟ್ಟು ಹಣವೆಷ್ಟು, ಅದರಲ್ಲಿ ಕಟ್ಟಡಕ್ಕೆಷ್ಟು, ಬಡವರ ನಿಧಿಗೆಷ್ಟು ಎಂಬುದನ್ನು ಮುಂದಿನ ಭಾನುವಾರವೇ ಪ್ರಕಟಣೆಗಳ ಜೊತೆ ಓದಿ ಹೇಳಬಹುದು. ನಮ್ಮ ಸಭೆಯ ವಾರ್ಷಿಕ ಮಹಾಸಭೆಗೆ ಈ ಸಲಹೆಯನ್ನು ಲಿಖಿತವಾಗಿ ಕೊಡಲಿದ್ದೇನೆ. ಅನುಮೋದಿಸುವವರು ಒಬ್ಬರು ಬೇಕು.