ಬಿದಿರಿನ ಬಿಲ್ಲಿಗೆ ಎಕ್ಕದ ನಾರಿನ ಹೆದೆ

ಬಾಣ ಕೂರುವ ಜಾಗದ ತುಸು ಕೆಳಗೆ ಎಳೆಗಳು ಬಿಚ್ಚಿಕೊಳ್ಳತೊಡಗಿದ್ದರಿಂದ ನನ್ನ ಬಿದಿರಿನ ಬಿಲ್ಲಿನ ಹಳೆಯ ಹೆದೆಯನ್ನು ಬದಲಿಸುವುದು ಅನಿವಾರ್ಯವಾಗಿತ್ತು. ಬಿಲ್ಲಿನ ಉದ್ದ 66 ಇಂಚು. ಅದರ ಭಾರ, ಅಂದರೆ ಹೆದೆಯನ್ನು 28 ಇಂಚಿನವರೆಗೆ ಎಳೆದು ಹಿಡಿಯಲು ಬೇಕಾಗುವ ಬಲ, 30 ಪೌಂಡ್, ಸುಮಾರು 13.6 ಕಿಲೋ. ಮೈದಾನದಲ್ಲಿ ಜೊತೆಗೆ ಅಭ್ಯಾಸ ಮಾಡುವ ಗೆಳೆಯರೊಬ್ಬರು ಫಾಸ್ಟ್ ಫ್ಲೈಟ್ ಎಂಬ ಕೃತಕ ದಾರವನ್ನೇ ಹಾಕಬೇಕೆಂದು ಒತ್ತಾಯಿಸಿದರು. ಅದರ ಒಂದೊಂದು ಎಳೆಯೂ ಸುಮಾರು 100 ಪೌಂಡ್ ತಡೆಯುತ್ತದೆ, ಹಿಗ್ಗುವುದು ತೀರಾ ಕಡಿಮೆ, ಆದ್ದರಿಂದ ಬಾಣಕ್ಕೆ ವೇಗ ಹೆಚ್ಚು ಎಂಬ ಅವರ ಮಾತು ಸುಳ್ಳಲ್ಲ. ಆದರೆ ಹಿಗ್ಗದ ಹೆದೆ ಬಾಣ ಹೊರಟ ಮರುಕ್ಷಣ ಬಿಲ್ಲಿನ ತೋಳುಗಳನ್ನು ಒಮ್ಮೆಲೇ ತಡೆದು ನಿಲ್ಲಿಸುತ್ತದೆ. ತುದಿಗಳಿಗೆ ಗಟ್ಟಿಮರವನ್ನೋ ಕೊಂಬನ್ನೋ ಅಂಟಿಸಿ ಬಲಪಡಿಸದ ಬಿಲ್ಲಿನಲ್ಲಿ ಆ ಹೊಡೆತವೆಲ್ಲ ಹೆದೆ ಕೂರುವ ಕಚ್ಚಿನ ಮೇಲೆಯೇ ಬೀಳುತ್ತದೆ. ನನ್ನ ಬಿಲ್ಲಿನ ಕಚ್ಚುಗಳು ಬರಿಯ ಬಿದಿರಿನಲ್ಲೇ ಕೊರೆದಂಥವು. ಬಿಲ್ಲಿನ ಸ್ವಭಾವಕ್ಕೆ ಹೊಂದುವ ಹೆದೆಯೇ ಒಳ್ಳೆಯ ಹೆದೆ, ವೇಗದ ಲೆಕ್ಕ ಆಮೇಲಿನದು ಎಂದು ನಾನು ನಂಬಿದ್ದೇನೆ.

ಆದ್ದರಿಂದ ನಿತ್ಯದ ಅಭ್ಯಾಸಕ್ಕೆ ಡೇಕ್ರಾನ್ ದಾರವನ್ನೇ ಆರಿಸಿಕೊಂಡೆ. ಇದು ಪಾಲಿಯೆಸ್ಟರ್, ಸ್ವಲ್ಪ ಹಿಗ್ಗುತ್ತದೆ, ಆ ಹಿಗ್ಗೇ ಬಿಲ್ಲನ್ನು ಕಾಪಾಡುತ್ತದೆ. ಒಂದು ಎಳೆ ಸುಮಾರು 50 ಪೌಂಡ್ ತಡೆಯುವುದರಿಂದ ಬಲದ ದೃಷ್ಟಿಯಿಂದ 30 ಪೌಂಡಿನ ಬಿಲ್ಲಿಗೆ ಹತ್ತು ಎಳೆ ಧಾರಾಳವಾಯಿತು, ಆದರೂ ಬಾಣದ ಹಿಂಬದಿಯ ಸೀಳಿನಲ್ಲಿ ಹೆದೆ ಸಡಿಲವಾಗದೆ ಕೂರಲೆಂದು 12 ಎಳೆ ತೆಗೆದುಕೊಂಡು, ಆರಾರರ ಎರಡು ಕಟ್ಟುಗಳನ್ನಾಗಿ ಮಾಡಿ, ಮೇಣ ಸವರಿ, ಹಗ್ಗದಂತೆ ಹೊಸೆದೆ. ಈ ಕೆಲಸ ಕೈಗೆ ರೂಢಿಯಾಗಿರುವುದರಿಂದ ಬೆಳಗಿನ ತಿಂಡಿಯ ಹೊತ್ತಿಗೇ ಮುಗಿಯಿತು. ಉಳಿದ ದಿನವನ್ನು ನಾನು ಬಹುಕಾಲದಿಂದ ಮಾಡಬೇಕೆಂದುಕೊಂಡಿದ್ದ ಇನ್ನೊಂದು ಹೆದೆಗಾಗಿ ಮೀಸಲಿಟ್ಟಿದ್ದೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧ್ಯಕ್ಷನನ್ನು ಕುರಿತ ಅಧ್ಯಾಯವೊಂದಿದೆ. ತಾಳೆ, ಬಿದಿರು, ಮರ, ಕೊಂಬುಗಳಿಂದ ಮಾಡಿದ ಬಿಲ್ಲುಗಳನ್ನು ಹೇಳಿದ ಮೇಲೆ ಅಲ್ಲಿ ಹೆದೆಗೆ ಒದಗುವ ವಸ್ತುಗಳನ್ನೂ ಹೆಸರಿಸಲಾಗಿದೆ: ಮೂರ್ವಾ, ಅರ್ಕ, ಶಣ, ಗವೇಧು ಎಂಬ ಗಿಡಗಳು, ವೇಣು ಎಂದರೆ ಬಿದಿರು, ಸ್ನಾಯು ಎಂದರೆ ಪ್ರಾಣಿಗಳ ಮಾಂಸವನ್ನು ಎಲುಬಿಗೆ ಹಿಡಿದಿಡುವ ನಾರು. ಅರ್ಕವೆಂದರೆ ನಮ್ಮ ಎಕ್ಕ. ರಥಸಪ್ತಮಿಯಂದು ತಲೆ, ಭುಜಗಳ ಮೇಲೆ ಎಲೆ ಇಟ್ಟುಕೊಂಡು ಸ್ನಾನ ಮಾಡುವ, ಊರಾಚೆಯ ಪಾಳುಭೂಮಿಯಲ್ಲಿ ಯಾರೂ ನೆಡದೆಯೇ ಬೆಳೆಯುವ ಈ ಗಿಡದ ನಾರು ರಾಜನ ಆಯುಧಾಗಾರದ ಪಟ್ಟಿಯಲ್ಲಿದೆ ಎಂದು ಓದಿದಂದಿನಿಂದ ಅದನ್ನು ಹೊಸೆದು ಬಿಲ್ಲಿಗೆ ಏರಿಸಬೇಕೆಂಬ ಆಸೆ ನನ್ನಲ್ಲಿ ಬೇರೂರಿತ್ತು. ಪಟ್ಟಿಯ ಕೊನೆಯ ಸ್ನಾಯುವಿನ ಹೆದೆ ಬಲವಾದದ್ದೇ ಆದರೂ ತೇವಕ್ಕೆ ಸಡಿಲಗೊಳ್ಳುತ್ತದೆ; ಮಳೆಗಾಲ ಕಾಣುವ ನಾಡಿಗೆ ಗಿಡದ ನಾರೇ ಮೇಲು.

ಹಿಂದಿನ ವಾರವೇ ಹೊಲದ ಬದುವಿನಿಂದ ನೇರವಾದ, ಕವಲೊಡೆಯದ ಎಕ್ಕದ ಕಡ್ಡಿಗಳನ್ನು ಕೊಯ್ದು, ಎಲೆ ಸವರಿ, ಹಾಲು ಆರುವಂತೆ ಬಿಸಿಲಿಗೆ ಹಾಕಿದ್ದೆ. ಈ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕೈಗವಸು, ಕನ್ನಡಕಗಳಿಲ್ಲದೆ ಯಾರೂ ಇದಕ್ಕೆ ಕೈಹಾಕಬಾರದು. ಒಣಗಿದ ಕಡ್ಡಿಯನ್ನು ಮೆಲ್ಲಗೆ ಜಜ್ಜಿ ಮುರಿದರೆ ಒಳಗಿನ ಕಟ್ಟಿಗೆ ಚೂರುಚೂರಾಗಿ ಉದುರುತ್ತದೆ, ತೊಗಟೆ ಪಟ್ಟಿಯಾಗಿ ಕೈಗೆ ಬರುತ್ತದೆ. ಆ ಪಟ್ಟಿಯನ್ನು ಅಂಗೈಗಳ ನಡುವೆ ಉಜ್ಜುತ್ತ ಹೋದಂತೆ ಕಂದು ಹೊಟ್ಟು ಕಳಚಿ, ರೇಷ್ಮೆಯಂತೆ ಮಿನುಗುವ ಬಿಳಿಯ ನಾರು ಉಳಿಯುತ್ತದೆ. ಇಷ್ಟು ನವಿರಾದ ನಾರು ಅಷ್ಟು ಒರಟು ಗಿಡದೊಳಗಿತ್ತೇ ಎಂದು ನನಗೆ ನಿಜಕ್ಕೂ ಆಶ್ಚರ್ಯವಾಯಿತು.

ಹೊಸೆಯುವಾಗ ಪಕ್ಕದ ಹೊಲದ ಅಜ್ಜ ಬಂದು ಕುಳಿತರು. ಎತ್ತುಗಳಿಗೆ ಕಣ್ಣಿ, ಮೂಗುದಾರಗಳನ್ನು ತಾವೇ ಹೊಸೆದು ಆಯಸ್ಸು ಕಳೆದವರು ಅವರು. ನಾನು ತೊಡೆಯ ಮೇಲೆ ಹೊಸೆದಿದ್ದ ದಾರವನ್ನು ಉಗುರಿನಿಂದ ಮೀಟಿ ನೋಡಿ, "ಹುರಿ ಬಾಳ ಬಿಗಿ ಆತು ನೋಡಪ್ಪ, ನಾರಿಗೆ ನಾರೇ ಕಡೀತೈತಿ" ಎಂದರು. ಅವರ ಮಾತಿನಲ್ಲಿ ಹೆದೆಯ ಯಂತ್ರಶಾಸ್ತ್ರವೇ ಅಡಗಿದೆ. ಹುರಿ ಕಡಿಮೆಯಾದರೆ ನಾರುಗಳು ಒಂದರ ಮೇಲೊಂದು ಜಾರುತ್ತವೆ; ಅತಿಯಾದರೆ ಪ್ರತಿ ನಾರೂ ಎಳೆತದ ದಿಕ್ಕಿಗೆ ಓರೆಯಾಗಿ ನಿಂತು, ಬಲವನ್ನೆಲ್ಲ ತಿರುಚಿನಲ್ಲಿಯೇ ಕಳೆದುಕೊಳ್ಳುತ್ತದೆ. ಅಜ್ಜ ತಾವೇ ಒಂದು ಮೊಳ ಹೊಸೆದು ತೋರಿಸಿದರು, ನಾನು ಆ ಹದವನ್ನು ಬೆರಳಿನಲ್ಲಿ ಹಿಡಿದುಕೊಂಡು ಮುಂದುವರಿದೆ.

ಎಷ್ಟು ದಾರ ಸೇರಿದರೆ ಹೆದೆಯಾದೀತು ಎಂಬುದನ್ನು ಅಂದಾಜಿಗೆ ಬಿಡುವಂತಿರಲಿಲ್ಲ. ಹೆದೆಯ ಬಲ ಬಿಲ್ಲಿನ ಭಾರದ ನಾಲ್ಕು ಪಟ್ಟಾದರೂ ಇರಬೇಕೆಂಬುದು ಬಿಲ್ಲುಗಾರರು ಪಾಲಿಸುವ ನಿಯಮ. ಬಾಣ ಬಿಟ್ಟೊಡನೆ ಹೆದೆ ನೆಟ್ಟಗಾಗುವ ಕ್ಷಣದಲ್ಲಿ ಅದರ ಮೇಲಿನ ಸೆಳೆತ ನಾವು ಎಳೆದ ಭಾರವನ್ನು ಎಷ್ಟೋ ಮೀರುತ್ತದೆ. ಎಳೆದ ಸ್ಥಿತಿಯಲ್ಲಿ ಅದು ಹರಿದರೆ, ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿನ ಮೈಗೇ ಬಡಿದು ಬಿಲ್ಲು ಸೀಳಿಹೋಗಬಹುದು. ನನ್ನ ಬಿಲ್ಲಿನ ಲೆಕ್ಕದಲ್ಲಿ ಆ ನಾಲ್ಕು ಪಟ್ಟೆಂದರೆ 120 ಪೌಂಡ್, ಅಂದರೆ 54 ಕಿಲೋ ಚಿಲ್ಲರೆ. ಕೊಟ್ಟಿಗೆಯ ಜಂತಿಗೆ ಒಂದು ದಾರವನ್ನು ಇಳಿಬಿಟ್ಟು, ಕೆಳಗೆ ಬಕೆಟ್ ತೂಗಿಸಿ, ಲೀಟರ್ ಅಳತೆಯಲ್ಲಿ ನೀರು ಸುರಿಯುತ್ತ ಹೋದೆ. ಗಂಟು ಬಿದ್ದಲ್ಲಿ ದಾರ ದುರ್ಬಲವಾಗುವುದರಿಂದ ಎರಡೂ ತುದಿಗಳನ್ನು ದುಂಡನೆಯ ಕೋಲಿಗೆ ನಾಲ್ಕಾರು ಸುತ್ತು ಸುತ್ತಿದ್ದೆ. ಭಾರ ಏರಿದಂತೆ ಮೊದಲು ಒಂದೊಂದೇ ನಾರು ಹರಿಯುವ ಸಣ್ಣ ಸದ್ದು ಕೇಳಿಸಿತು. ಬಕೆಟ್ಟೂ ನೀರೂ ಸೇರಿ ಏಳು ಕಿಲೋ ಮೀರಿದ ಮೇಲೆ ದಾರ ತುಂಡಾಯಿತು. ಬೇರೆ ದಾರಗಳೂ ಅದರ ಆಸುಪಾಸಿನಲ್ಲಿಯೇ ಸೋತವು. ಎಂಟು ದಾರ ಸೇರಿದರೆ ಲೆಕ್ಕ ಕೂಡುತ್ತದಾದರೂ ಎಲ್ಲ ದಾರಗಳೂ ಭಾರವನ್ನು ಸಮವಾಗಿ ಹೊರುವುದಿಲ್ಲವಾದ್ದರಿಂದ ಒಂಬತ್ತು ಇರಲೆಂದು, ಮೂರು ಮೂರರಂತೆ ಮೂರು ಕಟ್ಟು ಮಾಡಿದೆ.

ಪ್ರತಿ ಕಟ್ಟನ್ನು ಬಲಕ್ಕೆ ತಿರುಚಿ, ಮೂರನ್ನೂ ಒಟ್ಟಾಗಿ ಎಡಕ್ಕೆ ಸುತ್ತುವುದು ಇಲ್ಲಿಯ ಮುಖ್ಯ ಕೌಶಲ. ಬಿಚ್ಚಿಕೊಳ್ಳಲು ಹವಣಿಸುವ ಒಂದು ಹುರಿಯನ್ನು ಎದುರು ಹುರಿ ತಡೆದು ಹಿಡಿಯುತ್ತದೆ, ಅಂಟಾಗಲಿ ಗಂಟಾಗಲಿ ಬೇಕಾಗುವುದಿಲ್ಲ. ಮೇಲ್ತುದಿಯ ಕುಣಿಕೆಗಾಗಿ ಗೇಣುದ್ದ ಹೊಸೆದು, ಮಡಚಿ, ಬಾಲಗಳನ್ನು ಹೆದೆಯ ಮೈಯೊಳಗೇ ಸೇರಿಸಿ ಮತ್ತೆ ಹೊಸೆದೆ. ಬಾಲಗಳ ಉದ್ದವನ್ನು ಮೊದಲೇ ಹೆಚ್ಚುಕಡಿಮೆ ಮಾಡಿಟ್ಟುಕೊಂಡರೆ ಅವು ಒಂದೇ ಜಾಗದಲ್ಲಿ ಮುಗಿಯದೆ, ದಪ್ಪ ಕ್ರಮೇಣ ಇಳಿಯುತ್ತದೆ. ಕೆಳತುದಿಗೆ ಕುಣಿಕೆ ಮಾಡಲಿಲ್ಲ. ದಿಮ್ಮಿಗೆ ಹಗ್ಗ ಬಿಗಿಯುವವರು ಮಾಡುವಂತೆ ತುದಿಯನ್ನು ಹೆದೆಯ ಮೈಗೇ ಸುತ್ತಿ ಸಿಕ್ಕಿಸಿದೆ. ನಾರಿನ ಹೆದೆ ಹೊಸದರಲ್ಲಿ ಹಿಗ್ಗುವುದರಿಂದ ಆಗಾಗ ಉದ್ದ ಸರಿಪಡಿಸಲು ಈ ಗಂಟೇ ಅನುಕೂಲ. ಕೊನೆಗೆ ಜೇನುಮೇಣವನ್ನು ತಿಕ್ಕಿ, ಅಂಗೈ ಬಿಸಿಗೆ ಅದು ಕರಗಿ ಒಳಗಿಳಿಯುವಂತೆ ಉಜ್ಜಿ, ಬಾಣ ಕೂರುವ ನಡುಭಾಗಕ್ಕೆ ಹತ್ತಿಯ ದಾರವನ್ನು ಒತ್ತಾಗಿ ಸುತ್ತಿದೆ.

ಏರಿಸಿದಾಗ ಬಿಲ್ಲಿನ ಹಿಡಿಗೂ ಹೆದೆಗೂ ಆರು ಇಂಚಿನ ಅಂತರವಿತ್ತು. ಒಂದು ಗಂಟೆ ಹಾಗೆಯೇ ಬಿಟ್ಟಾಗ ಬೆರಳಗಲ ಇಳಿದಿತ್ತು. ಇಳಿಸಿ, ಹುರಿ ಕೂಡಿಸಿ, ಮತ್ತೆ ಏರಿಸಿದೆ. ಸಂಜೆಗೆ ಹೆದೆ ಹಿಗ್ಗುವುದು ನಿಂತಿತು. ಆಗಷ್ಟೇ ಬಾಣ ಹೂಡಲು ಹೋದರೆ ಹೆದೆ ಸೀಳಿನೊಳಗೆ ಹೋಗಲೊಲ್ಲದು: ಡೇಕ್ರಾನ್ ಹೆದೆಗಿಂತ ಇದು ದಪ್ಪ. ಇಂಗ್ಲೆಂಡಿನ ಕಡಲಿನಲ್ಲಿ 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಹಡಗಿನಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು, ಸಾವಿರಾರು ಬಾಣಗಳು ದೊರೆತವು; ಅಂದಿನ ಹೆದೆಗಳು ಸುಮಾರು ಮೂರು ಮಿಲಿಮೀಟರ್ ದಪ್ಪವಿದ್ದಿರಬೇಕೆಂದು ಊಹಿಸಲು ಆ ಬಾಣಗಳ ಸೀಳುಗಳೇ ಆಧಾರ. ನಮ್ಮ ವೀರಗಲ್ಲುಗಳಲ್ಲಿಯೂ ಬಿಲ್ಲು ಹಿಡಿದ ವೀರರಿದ್ದಾರೆ, ಆದರೆ ಹೆದೆ ಯಾವ ನಾರಿನದು ಎಂಬುದನ್ನು ಕಲ್ಲು ಹೇಳಲಾರದು. ನಾನು ಕೆಲವು ಮರದ ಬಾಣಗಳ ಸೀಳನ್ನು ಸಣ್ಣ ಅರದಿಂದ ಅಗಲಿಸಿ, ಹತ್ತು ಮೀಟರ್ ದೂರದ ಹುಲ್ಲಿನ ಗುರಿಗೆ ಬಿಟ್ಟೆ. ಭಾರದ ಹೆದೆಯಾದ್ದರಿಂದ ಬಾಣ ಕೊಂಚ ನಿಧಾನವಾಗಿ ಹೋಗುತ್ತದೆ, ಆದರೆ ಬಿಲ್ಲಿನ ಹಿಡಿ ಕೈಗೆ ಅದುರುವುದಿಲ್ಲ.

ಈಗ ಡೇಕ್ರಾನ್ ಹೆದೆ ನಿತ್ಯದ ಅಭ್ಯಾಸಕ್ಕೆ, ಎಕ್ಕದ ಹೆದೆ ಭಾನುವಾರಗಳಿಗೆ. ಪ್ರತಿ ಸಲ ಏರಿಸುವ ಮೊದಲು ಕುಣಿಕೆ ಮತ್ತು ನಡುಭಾಗವನ್ನು ಬೆರಳಿನಿಂದ ಸವರಿ, ಹರಿದ ನಾರಿನ ತುದಿ ತಗಲುತ್ತದೆಯೇ ಎಂದು ನೋಡುತ್ತೇನೆ. ಹಸಿರೆಲೆ ಗೊಬ್ಬರಕ್ಕೆಂದು ಬೆಳೆಯುವ ಸೆಣಬು ಆ ಹಳೆಯ ಪಟ್ಟಿಯ ಶಣವೇ ಆಗಿರುವುದರಿಂದ, ಮುಂದಿನ ಮುಂಗಾರಿನಲ್ಲಿ ಒಂದು ಸಾಲನ್ನು ಉಳದೆ ನನಗಾಗಿ ಬಿಡುವಂತೆ ಅಜ್ಜನನ್ನು ಕೇಳಿಕೊಂಡಿದ್ದೇನೆ.