ಬಿರ್ಸಾ ಮುಂಡಾ ಲೈನೋ ಅಚ್ಚುಗಳು: ಕಲ್ಲು ಮುಗಿಯಿತು, ಈಗ ಎಟ್ಕೆಡಿ

ನೆಲಕ್ಕಾಗಿ ಬ್ರಿಟಿಷರ ವಿರುದ್ಧ ಮುಂಡಾ ಆದಿವಾಸಿಗಳನ್ನು ಎಬ್ಬಿಸಿದ ಬಿರ್ಸಾ ಮುಂಡಾ ಬದುಕನ್ನು ಲೈನೋ ಅಚ್ಚಿನಲ್ಲಿ, ಅಂದರೆ ಮೆತ್ತನೆಯ ಲಿನೋಲಿಯಂ ಹಾಳೆ ಕೆತ್ತಿ ಶಾಯಿ ಹಚ್ಚಿ ಒತ್ತುವ ಚಿತ್ರಗಳಲ್ಲಿ, ಹೇಳುವ ಕೆಲಸ ಅರ್ಧ ದಾಟಿದೆ. ಕುರಿ ಮೇಯಿಸುತ್ತಾ ಕೊಳಲೂದುವ ಹುಡುಗ, ಚಾಯಿಬಾಸಾದ ಮಿಷನ್ ಶಾಲೆ, 1895ರಲ್ಲಿ ಚಲ್ಕಡ್ ಹಳ್ಳಿಯಲ್ಲಿ ಅವನ ಮಾತು ಕೇಳಲು ಸೇರಿದ ಜನ. ಈ ಮೂರೂ ಚೆನ್ನಾಗಿ ಒಣಗಿ ಫೈಲ್ ಸೇರಿವೆ. ಈ ಸಲ ಕೆತ್ತಿದ್ದು ಒಂದು ಕಲ್ಲಿನ ಚಿತ್ರ.

ಬಿರ್ಸಾ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಪೇಟ ಮತ್ತು ಬಿಲ್ಲು ಬಾಣ, ಅಲ್ವಾ? ಆದರೆ ಜಮೀನಿನ ಕಥೆ ಹೇಳದೆ ಬಿಲ್ಲು ತೋರಿಸಿದರೆ ಏನೂ ತಿಳಿಯುವುದಿಲ್ಲ. ಈಗಿನ ಜಾರ್ಖಂಡ್‌ನ ಛೋಟಾನಾಗಪುರದ ಮುಂಡಾ ಜನರಲ್ಲಿ ಖೂಂಟ್‌ಕಟ್ಟಿ ಪದ್ಧತಿ ಇತ್ತು. ಕಾಡು ಕಡಿದು ಹೊಲ ಮಾಡಿದವರ ವಂಶಕ್ಕೆಲ್ಲ ಆ ಊರಿನ ನೆಲ ಸೇರಿದ್ದು. ಆಮೇಲೆ ಹೊರಗಿನಿಂದ ಜಮೀನ್ದಾರರು, ಸಾಲ ಕೊಡುವವರು, ಗುತ್ತಿಗೆದಾರರು ಬಂದರು. ಬ್ರಿಟಿಷರ ಕೋರ್ಟು ಕೇಳಿದ್ದು ಕಾಗದ. ಮುಂಡಾಗಳ ಹತ್ತಿರ ಕಾಗದ ಎಲ್ಲಿತ್ತು? ನೆಲ ಹೋಯಿತು. ಅದೇ ನೆಲದಲ್ಲಿ ಕೂಲಿಯಿಲ್ಲದೆ ಬಿಟ್ಟಿ ದುಡಿಯಬೇಕಾಯಿತು.

ಅವರ ಹತ್ತಿರ ಇದ್ದ ಸಾಕ್ಷಿ ಸಸನ್‌ದಿರಿ. ಊರಿನ ಹಿರಿಯರ ಅಸ್ಥಿ ಇಟ್ಟು ಮೇಲೆ ಮುಚ್ಚಿದ ದೊಡ್ಡ ಚಪ್ಪಡಿ, ಕೆಳಗೆ ಸಣ್ಣ ಕಲ್ಲುಗಳ ಆಸರೆ. ನಮ್ಮ ಅಜ್ಜಂದಿರು ಇಲ್ಲಿ ಮಲಗಿದ್ದಾರೆ, ಹಾಗಾಗಿ ಈ ಊರು ನಮ್ಮದು. ನನ್ನ ಪಾಲಿಗೆ ಇಡೀ ಸರಣಿಯ ನಡುಗಂಬ ಈ ಚಿತ್ರವೇ.

ಕೆತ್ತುವಾಗ ಲೈನೋ ಹಾಳೆಯನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿಕೊಂಡೆ. ಆಕಾಶವನ್ನು ಅಗಲ ಬಾಯಿಯ ಉಳಿಯಿಂದ ಪೂರ್ತಿ ತೆಗೆದುಬಿಟ್ಟೆ. ಕಲ್ಲಿನ ಮೈಗೆ ಮಾತ್ರ ಚೂಪು ಉಳಿಯ ತುದಿ ತಾಗಿಸಿ, ಅಕ್ಕಿಕಾಳಿಗಿಂತ ಚಿಕ್ಕ ಗೀರುಗಳನ್ನು ಒತ್ತಾಗಿ ಹಾಕಿದೆ. ರೋಲರ್‌ನಲ್ಲಿ ಶಾಯಿ ತೆಳ್ಳಗೆ ಹಚ್ಚಿ, ಕಾಗದವನ್ನು ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ ತೆಗೆದಾಗ ಕಲ್ಲಿನ ಒರಟು ಹಾಗೇ ಬಂತು. ತುಂಬಾ ಖುಷಿಯಾಯಿತು.

ಈಗ ಎಟ್ಕೆಡಿ ಹಳ್ಳಿಯ ಚಿತ್ರ. 1900ರ ಜನವರಿಯಲ್ಲಿ ಬಿರ್ಸಾನ ಜೊತೆಗಾರ ಗಯಾ ಮುಂಡಾನನ್ನು ಹಿಡಿಯಲು ಪೊಲೀಸರು ಅವನ ಮನೆ ಸುತ್ತಿದರು. ಹೆಂಡತಿ ಮಾಕಿ ಮತ್ತು ಮನೆಯ ಹೆಂಗಸರು ದೊಣ್ಣೆ, ಕೊಡಲಿ ಹಿಡಿದು ಎದುರು ನಿಂತರು. ಈ ಹೋರಾಟದ ಚಿತ್ರಗಳಲ್ಲಿ ಹೆಂಗಸರು ಕಾಣುವುದು ಕಡಿಮೆ. ಅದಕ್ಕೇ ಇಲ್ಲಿ ಮಾಕಿಯನ್ನೇ ಎಲ್ಲರಿಗಿಂತ ದೊಡ್ಡದಾಗಿ ಬರೆದಿದ್ದೇನೆ. ಟ್ರೇಸಿಂಗ್ ಹಾಳೆ ತಿರುಗಿಸಿ ಲೈನೋ ಮೇಲೆ ಇಳಿಸಿಯಾಗಿದೆ. ಇನ್ನು ಉಳಿ ಹಿಡಿಯಬೇಕು. ಅದಾದ ಮೇಲೆ ಜನವರಿ 9ರಂದು ಡೊಂಬಾರಿ ಗುಡ್ಡದಲ್ಲಿ ಬಿರ್ಸಾನ ಜನರ ಮೇಲೆ ಬ್ರಿಟಿಷರ ಸಿಪಾಯಿಗಳು ನಡೆಸಿದ ಗುಂಡಿನ ದಾಳಿ. ಅಲ್ಲಿ ಸಿಪಾಯಿಗಳ ಮುಖ ಬರೆಯುವುದಿಲ್ಲ, ಬಂದೂಕಿನ ಸಾಲು ಸಾಕು.

ಜಾಸ್ತಿ ಯೋಚನೆ ಮಾಡಿಸಿದ್ದು ಸೆರೆಯ ಚಿತ್ರ. ಬಿರ್ಸಾನನ್ನು 1900ರ ಫೆಬ್ರುವರಿಯಲ್ಲಿ ಹಿಡಿದರು. ಜೂನ್ 9ರಂದು ರಾಂಚಿ ಜೈಲಿನಲ್ಲಿ ತೀರಿಕೊಂಡ. ಕಾಲರಾ ಅಂತ ಸರ್ಕಾರ ಹೇಳಿತು. ಇನ್ನೂ 25 ತುಂಬಿರಲಿಲ್ಲ. ಅವನ ಪ್ರತಿಮೆಗಳಲ್ಲಿ ಕೈಗೆ ಸರಪಳಿ ಇರುತ್ತಿತ್ತು. 2016ರಲ್ಲಿ ಜಾರ್ಖಂಡ್ ಸರ್ಕಾರ ಅದನ್ನು ತೆಗೆಸಲು ತೀರ್ಮಾನಿಸಿತು. ಚೌಕದಲ್ಲಿ ನಿಲ್ಲುವ ಪ್ರತಿಮೆಗೆ ಅದು ಸರಿ, ಮಕ್ಕಳು ಅವನನ್ನು ಬಿಡುಗಡೆಯಾದವನಾಗಿಯೇ ನೋಡಲಿ. ಜೈಲಿನ ಅಚ್ಚಿನಲ್ಲಿ ಮಾತ್ರ ಸರಪಳಿ ಉಳಿಸುತ್ತೇನೆ. ಅದನ್ನು ತೊಡಿಸಿದವರು ಯಾರು ಅನ್ನೋದು ಮರೆಯಬಾರದು.

ಕೊನೆಯ ಹಾಳೆ 1908ರ ಛೋಟಾನಾಗಪುರ ಗೇಣಿ ಕಾಯ್ದೆಗೆ. ಖೂಂಟ್‌ಕಟ್ಟಿ ಹಕ್ಕನ್ನು ಆ ಕಾಯ್ದೆ ಒಪ್ಪಿತು, ಆದಿವಾಸಿಗಳ ನೆಲ ಹೊರಗಿನವರ ಕೈಸೇರದಂತೆ ಕಟ್ಟುಹಾಕಿತು. ಒಂದು ಕಾಯ್ದೆಯನ್ನು ಸುಮ್ನೆ ಸೀಲು, ಕಾಗದ ಅಂತ ತೋರಿಸಲು ಮನಸ್ಸಿಲ್ಲ. ಉತ್ತ ಹೊಲ, ನಡುವೆ ಬದು, ಅಷ್ಟನ್ನೇ ಪೆನ್ಸಿಲ್‌ನಲ್ಲಿ ಗೀಚಿಕೊಂಡಿದ್ದೇನೆ. ನವೆಂಬರ್ 15, ಬಿರ್ಸಾ ಜಯಂತಿಯ ಹೊತ್ತಿಗೆ ಇಡೀ ಸರಣಿ ಗೋಡೆಗೆ ಹಾಕುವಂತಾಗಬೇಕು.